ವಿಕ್ಸ್‌ಬರ್ಗ್‌ನಲ್ಲಿ ಊಟಕ್ಕೆ ಕೂತಾಗ

1863ರ ಜುಲೈ 2ರಂದು ಅಮೆರಿಕದ ವಿಕ್ಸ್‌ಬರ್ಗ್ ಎಂಬ ಊರಿನಲ್ಲಿ ಅಚ್ಚಾದ ‘ಡೈಲಿ ಸಿಟಿಜನ್’ ಪತ್ರಿಕೆಯ ಸಂಚಿಕೆ ಎರಡು ಕಾರಣಕ್ಕೆ ಇವತ್ತಿಗೂ ಪ್ರಸಿದ್ಧ. ಒಂದು, ಊರಲ್ಲಿ ಕಾಗದ ಮುಗಿದುಹೋಗಿದ್ದರಿಂದ ಅದನ್ನು ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಹಿಂಬದಿಯಲ್ಲಿ ಮುದ್ರಿಸಿದ್ದರು. ಇನ್ನೊಂದು, ಅದರಲ್ಲಿದ್ದ ಊಟದ ಕುಹಕ. ಅಮೆರಿಕದ ಅಂತರ್ಯುದ್ಧದಲ್ಲಿ ಊರಿಗೆ ಮುತ್ತಿಗೆ ಹಾಕಿ ಕೂತಿದ್ದ, ಉತ್ತರದ ಯೂನಿಯನ್ ಪಡೆಯ ಸೇನಾಪತಿ ಯುಲಿಸಿಸ್ ಗ್ರ್ಯಾಂಟ್ ಜುಲೈ 4ರ ಸ್ವಾತಂತ್ರ್ಯ ದಿನದ ಊಟವನ್ನು ವಿಕ್ಸ್‌ಬರ್ಗ್‌ನಲ್ಲೇ ಮಾಡುವ ಆಸೆ ಇಟ್ಟುಕೊಂಡಿದ್ದಾನಂತೆ. ಮೊಲದ ಅಡುಗೆ ಉಣ್ಣಬೇಕಾದರೆ ಮೊದಲು ಮೊಲ ಕೈಗೆ ಸಿಗಬೇಕಲ್ಲ ಎಂದು ಪತ್ರಿಕೆ ಚುಚ್ಚಿತ್ತು. ಎರಡೇ ದಿನಕ್ಕೆ ಊರು ಶರಣಾಯಿತು. ಮುದ್ರಣಾಲಯಕ್ಕೆ ನುಗ್ಗಿದ ಗ್ರ್ಯಾಂಟನ ಸೈನಿಕರಿಗೆ ಜೋಡಿಸಿಟ್ಟ ಅಚ್ಚಿನ ಮೊಳೆಗಳು ಹಾಗೇ ಸಿಕ್ಕವು. ಕೆಳಗೆ ನಾಲ್ಕು ಸಾಲು ಸೇರಿಸಿ ಮತ್ತೆ ಮುದ್ರಿಸಿದರು: ಮೊಲ ಸಿಕ್ಕಿತು, ಗ್ರ್ಯಾಂಟ್ ವಿಕ್ಸ್‌ಬರ್ಗ್‌ನಲ್ಲಿ ಊಟ ಮಾಡಿದ, ಆದರೆ ಊಟವನ್ನು ಮಾತ್ರ ತಾನೇ ಕಟ್ಟಿಕೊಂಡು ಬರಬೇಕಾಯಿತು ಎಂದು.

ಕಟ್ಟಿಕೊಂಡೇ ಬರಬೇಕಿತ್ತು. ಅಷ್ಟು ಹೊತ್ತಿಗೆ ಆ ಊರಿನಲ್ಲಿ ತಿನ್ನಲು ಏನೂ ಉಳಿದಿರಲಿಲ್ಲ.

ಇಂದು ಅದೇ ಊರಿಗೆ ಜನ ಹೋಗುವುದು ಅರ್ಧ ಯುದ್ಧದ ನೆನಪಿಗೆ, ಇನ್ನರ್ಧ ಊಟಕ್ಕೆ. ಮಿಸಿಸಿಪಿ ರಾಜ್ಯದ ರಾಜಧಾನಿ ಜಾಕ್ಸನ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆಯೊಳಗಿನ ದಾರಿ. ಇಪ್ಪತ್ತೊಂದು ಸಾವಿರ ಚಿಲ್ಲರೆ ಜನ, ಕಡಿದಾದ ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿದ ಬೀದಿಗಳು, ಕೆಳಗೆ ನೀರು. ನಮ್ಮಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದವರು ಈ ಊರಿನ ಹೆಸರನ್ನು ಕೇಳದೆಯೇ ಇದನ್ನು ಬಲ್ಲವರು. ಅಣೆಕಟ್ಟಿನ ಕೋಡಿಯ ಬಾಗು ಹೇಗಿರಬೇಕೆಂದು ಲೆಕ್ಕ ಹಾಕುವಾಗ ಬರುವ ‘ಡಬ್ಲ್ಯು.ಇ.ಎಸ್. ಪ್ರೊಫೈಲ್’ ಹುಟ್ಟಿದ್ದು ಇಲ್ಲಿನ ವಾಟರ್‌ವೇಸ್ ಎಕ್ಸ್‌ಪೆರಿಮೆಂಟ್ ಸ್ಟೇಷನ್ ಎಂಬ ಪ್ರಯೋಗಾಲಯದಲ್ಲಿ. 1927ರಲ್ಲಿ ಮಿಸಿಸಿಪಿ ನದಿಗೆ ಬಂದ ಮಹಾ ಪ್ರವಾಹದ ನಂತರ, ನದಿಯನ್ನು ಅರ್ಥ ಮಾಡಿಕೊಳ್ಳಬೇಕೆಂದು ಸರ್ಕಾರ 1929ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು.

ನದಿ ಮಾತ್ರ ಯಾರಿಗೂ ಅರ್ಥವಾಗುವ ಮೊದಲೇ ಊರು ಬಿಟ್ಟಿತ್ತು. ವಿಕ್ಸ್‌ಬರ್ಗ್‌ನ ಮುಂದೆ ಮಿಸಿಸಿಪಿ ನದಿ ಕುದುರೆ ಲಾಳದ ಆಕಾರದಲ್ಲಿ ದೊಡ್ಡ ತಿರುವು ತೆಗೆದುಕೊಳ್ಳುತ್ತಿತ್ತು. ಆ ತಿರುವಿನಿಂದಾಗಿಯೇ, ಗುಡ್ಡದ ಮೇಲೆ ಫಿರಂಗಿ ಇಟ್ಟವರ ಕೈಗೆ ಇಡೀ ನದಿ ಸಿಗುತ್ತಿತ್ತು. ಯುದ್ಧ ಕಾಲದಲ್ಲಿ ಗ್ರ್ಯಾಂಟ್ ಕಾಲುವೆ ತೋಡಿಸಿ ನದಿಯನ್ನು ಊರಿನಿಂದ ತಿರುಗಿಸಲು ಹೆಣಗಿ ಸೋತ. ಅವನು ಮಾಡಲಾಗದ್ದನ್ನು 1876ರ ಏಪ್ರಿಲಿನಲ್ಲಿ ನದಿ ತಾನಾಗಿಯೇ ಮಾಡಿತು. ತಿರುವಿನ ಕತ್ತನ್ನು ಕೊರೆದು ನೇರ ಹರಿದುಬಿಟ್ಟಿತು. ಬಂದರು ಊರು ಒಣಗಿ ನಿಂತಿತು. ಮುಂದೆ ಯಾಜೂ ಎಂಬ ಉಪನದಿಯನ್ನು ಕಾಲುವೆ ತೋಡಿ ಊರಿನ ಬುಡಕ್ಕೆ ತಂದರು. ಆ ಕೆಲಸ ಮುಗಿದದ್ದು 1903ರಲ್ಲಿ. ಹಾಗಾಗಿ ಇಂದು ಹೊಳೆಯಂಚಿನ ಹೋಟೆಲಿನ ಕಿಟಕಿಯಲ್ಲಿ ಕೂತು ಪ್ರವಾಸಿಗಳು ಮಿಸಿಸಿಪಿ ಎಂದು ಫೋಟೊ ತೆಗೆದುಕೊಳ್ಳುವ ನೀರು ಹೆಚ್ಚಾಗಿ ಯಾಜೂವಿನದು.

ಇಂಥ ಊರಿನಲ್ಲಿ ಎಲ್ಲಿ ಊಟ ಮಾಡಬೇಕು? ಪ್ರವಾಸಿ ಕೈಪಿಡಿಗಳು ಹೋಟೆಲುಗಳ ಪಟ್ಟಿ ಕೊಡುತ್ತವೆ. ನನ್ನ ಮಟ್ಟಿಗೆ, ವಿಕ್ಸ್‌ಬರ್ಗ್‌ನ ಊಟದ ತಟ್ಟೆಯನ್ನು ಊರಿನ ಎರಡನೆಯ ವಸ್ತುಸಂಗ್ರಹಾಲಯ ಎಂದೇ ನೋಡಬೇಕು. ಮೊದಲನೆಯದು ಗುಡ್ಡದ ಮೇಲಿನ ಸೇನಾ ಉದ್ಯಾನ. ಅಲ್ಲಿ ಸೇನಾಪತಿಗಳ ಪ್ರತಿಮೆಗಳಿವೆ, ಫಿರಂಗಿಗಳಿವೆ, 17,000 ಯೂನಿಯನ್ ಸೈನಿಕರ ಸಮಾಧಿಗಳಿವೆ. ಅವರಲ್ಲಿ ಬಹುಪಾಲು ಜನರ ಹೆಸರೂ ಗೊತ್ತಿಲ್ಲ. ಅಡುಗೆ ಮಾಡಿದವರ ಪ್ರತಿಮೆ ಅಲ್ಲಿಲ್ಲ. ಅವರನ್ನು ಹುಡುಕುವುದಾದರೆ ಮಧ್ಯಾಹ್ನ ಹಸಿದುಕೊಂಡು ಊರೊಳಗೆ ಇಳಿಯಬೇಕು.

ಮೊದಲು ಹಸಿವಿನ ಕತೆ. ಮುತ್ತಿಗೆ ನಡೆದದ್ದು ಮೇ 18ರಿಂದ ಜುಲೈ 4ರವರೆಗೆ, 47 ದಿನ. ಮೇಲಿಂದ ಗುಂಡಿನ ಮಳೆ. ಇಲ್ಲಿನ ಗುಡ್ಡ ಗಾಳಿ ತಂದು ಪೇರಿಸಿದ ನುಣುಪು ಹಳದಿ ಮಣ್ಣಿನದು. ನೆಟ್ಟಗೆ ಕಡಿದರೂ ಕುಸಿಯುವುದಿಲ್ಲ. ಜನ ಅದರಲ್ಲಿ ನೂರಾರು ಗುಹೆ ತೋಡಿಕೊಂಡು ಸಂಸಾರ ಹೂಡಿದರು. ಅಡುಗೆ ಒಲೆ ಗುಹೆಯ ಬಾಯಿಯಲ್ಲಿ, ಬಯಲಲ್ಲಿ. ಆಗ ಮನೆಯೊಡತಿಯರು ಬರೆದ ದಿನಚರಿಗಳನ್ನು ಓದಿದರೆ, ಗುಂಡು ಬೀಳುವಾಗ ಹೊರಗೆ ನಿಂತು ಬೇಯಿಸುತ್ತಿದ್ದವರು ಯಾರೆಂದು ತಿಳಿಯುತ್ತದೆ: ಆ ಮನೆಗಳ ಕರಿಯ ಗುಲಾಮರು. ಮೇರಿ ಲಫ್‌ಬರೊ ಎಂಬಾಕೆ 1864ರಲ್ಲೇ ತನ್ನ ಗುಹಾವಾಸವನ್ನು ಪುಸ್ತಕವಾಗಿ ಪ್ರಕಟಿಸಿದಳು. ಪುಸ್ತಕ ಒಡತಿಯದು, ಬೆಂಕಿಯ ಮುಂದೆ ನಿಂತವರು ಬರೆದದ್ದು ನಮಗೆ ಸಿಗುವುದಿಲ್ಲ.

ಮೊದಲು ಗೋಧಿ ಹಿಟ್ಟು ಮುಗಿಯಿತು, ಆಮೇಲೆ ಮೆಕ್ಕೆಜೋಳ. ಉಳಿದದ್ದು ಅಲಸಂದೆ. ಹೌದು, ನಮ್ಮ ಅಲಸಂದೆಯೇ. ಅವರಲ್ಲಿ ಅದು ದನದ ಮೇವಿನ ಕಾಳು. ಅದನ್ನು ಬೀಸಿ, ರೊಟ್ಟಿ ತಟ್ಟಿ ಸೈನಿಕರಿಗೆ ಹಂಚಿದರು. ಹೊರಗೆ ಕಲ್ಲು, ಒಳಗೆ ಹಸಿ. ಎಷ್ಟು ಸುಟ್ಟರೂ ಬೇಯದು. ತಿಂದವರು ಆ ರೊಟ್ಟಿಯನ್ನು ಕ್ಷಮಿಸಲೇ ಇಲ್ಲ. ಅಲಸಂದೆಯನ್ನು ಇಡಿಯಾಗಿ ನೆನೆಸಿ ಬೇಯಿಸಿ ಒಗ್ಗರಣೆ ಹಾಕುವ ನಮಗೆ, ಅದನ್ನು ಹಿಟ್ಟು ಮಾಡಿ ಕೆಡಿಸಿದ ಆ ಸೇನಾ ಅಡುಗೆಯ ಬಗ್ಗೆ ಕನಿಕರ ಬರುತ್ತದೆ. ನಂತರ ಹೇಸರಗತ್ತೆ ಮಾಂಸ. ಮಾರುಕಟ್ಟೆಯಲ್ಲಿ ಚರ್ಮ ಸುಲಿದ ಇಲಿಗಳನ್ನು ತೂಗುಹಾಕಿದ್ದರೆಂದು ಕಂಡವರು ಬರೆದಿದ್ದಾರೆ.

ಆದರೂ ಹಾಸ್ಯ ಸತ್ತಿರಲಿಲ್ಲ. ‘ಹೋಟೆಲ್ ಡಿ ವಿಕ್ಸ್‌ಬರ್ಗ್’ ಎಂಬ ಇಲ್ಲದ ಹೋಟೆಲಿನ ತಿಂಡಿಪಟ್ಟಿಯೊಂದು ಶರಣಾಗತಿಯ ನಂತರ ಬೆಳಕಿಗೆ ಬಂತು. ಶುರುವಿಗೆ ಹೇಸರಗತ್ತೆ ಬಾಲದ ಸೂಪು, ಆಮೇಲೆ ಅಕ್ಕಿ ತುಂಬಿ ಹುರಿದ ಹೇಸರಗತ್ತೆಯ ಹಿಂಭಾಗ, ತಲೆಯದೊಂದು ಭಕ್ಷ್ಯ, ಕೊನೆಗೆ ಓಕ್ ಮರದ ಕಾಯಿ. ಪಾನೀಯದ ಸಾಲಿನಲ್ಲಿ, 1492ರಿಂದ ಹಳತಾಗಿಸಿದ ಉತ್ತಮ ದರ್ಜೆಯ ಮಿಸಿಸಿಪಿ ನದಿ ನೀರು. ಆ ಊರಿನ ಹೋಟೆಲುಗಳ ಬಗ್ಗೆ ಇದಕ್ಕಿಂತ ಒಳ್ಳೆಯ ಬರಹ ಇನ್ನೂ ಬಂದಿಲ್ಲ ಎನಿಸುತ್ತದೆ.

ಈಗ ನಿಜವಾದ ಹೋಟೆಲಿಗೆ ಬರೋಣ. ಕ್ಲೇ ಸ್ಟ್ರೀಟ್ ಮತ್ತು ಆಡಮ್ಸ್ ಸ್ಟ್ರೀಟ್ ಕೂಡುವಲ್ಲಿ 1880ರ ಒಂದು ಹಳೆಯ ಮರದ ಮನೆ. ಅದರಲ್ಲಿ 1980ರಿಂದ ನಡೆಯುತ್ತಿರುವುದು ‘ವಾಲ್‌ನಟ್ ಹಿಲ್ಸ್’. ಹೆಸರು ಊರಿಗಿಂತ ಹಳೆಯದು: ಸ್ಪೇನಿನವರು 1790ರ ದಶಕದಲ್ಲಿ ಇಲ್ಲಿ ಕೋಟೆ ಕಟ್ಟಿ ಅಕ್ರೋಟು ಮರಗಳ ಹೆಸರಿಟ್ಟಿದ್ದರು. ನ್ಯೂಯಿಟ್ ವಿಕ್ ಎಂಬ ಪಾದ್ರಿಯ ಹೆಸರಿನಲ್ಲಿ ಊರು ಎದ್ದದ್ದು ಆಮೇಲೆ. ಈ ಹೋಟೆಲು ಹೆಸರಾಗಿರುವುದು ಎರಡಕ್ಕೆ: ಕರಿದ ಕೋಳಿ, ಮತ್ತು ದುಂಡುಮೇಜು.

ದುಂಡುಮೇಜಿನ ಊಟ ಮಿಸಿಸಿಪಿ ರಾಜ್ಯದ ಒಂದು ಹಳೆಯ ಪದ್ಧತಿ. ಹತ್ತು ಹನ್ನೆರಡು ಜನ ಕೂರುವ ದೊಡ್ಡ ಮೇಜು. ನಟ್ಟನಡುವೆ ಅದಕ್ಕಿಂತ ತುಸು ಚಿಕ್ಕ, ತಿರುಗುವ ಇನ್ನೊಂದು ದುಂಡು ಹಲಗೆ. ಅಡುಗೆಯೆಲ್ಲ ಅದರ ಮೇಲೆ ಬೋಗುಣಿಗಳಲ್ಲಿ. ಬಡಿಸುವವರಿಲ್ಲ, ಹಲಗೆ ತಿರುಗಿಸಿ, ಬೇಕಾದದ್ದು ಎದುರು ಬಂದಾಗ ಬಡಿಸಿಕೊಳ್ಳಬೇಕು. ರೈಲು ನಿಲ್ಲುವ ಸ್ವಲ್ಪ ಹೊತ್ತಿನಲ್ಲಿ ಪ್ರಯಾಣಿಕರ ಹೊಟ್ಟೆ ತುಂಬಿಸಲು ಇಂಥ ಮೇಜುಗಳು ಅನುಕೂಲವಾಗಿದ್ದವು. ಜಾಕ್ಸನ್‌ನ ದಕ್ಷಿಣಕ್ಕಿರುವ ಮೆಂಡೆನ್‌ಹಾಲ್ ಎಂಬ ಊರಿನ ರೈಲ್ವೆ ಹೋಟೆಲು ಇದರಿಂದಲೇ ಹೆಸರು ಮಾಡಿತ್ತು. ಒಂದೇ ಮೇಜಿಗೆ ಯಾರು ಯಾರೋ ಬಂದು ಕೂರುತ್ತಾರೆ. ಪಕ್ಕದಲ್ಲಿ ವಕೀಲ, ಎದುರಿಗೆ ಓಹಾಯೋದಿಂದ ಮುತ್ತಜ್ಜನ ಸಮಾಧಿ ಹುಡುಕಿಕೊಂಡು ಬಂದ ದಂಪತಿ, ಆಚೆ ಗುತ್ತಿಗೆ ಕೆಲಸದವರು. ಇಬ್ಬರು ಒಟ್ಟಿಗೆ ಹಲಗೆ ತಿರುಗಿಸಿದರೆ ಸಾರು ಚೆಲ್ಲುತ್ತದೆ. ಆದ್ದರಿಂದ ಅಪರಿಚಿತರೊಡನೆ ಮಾತಾಡದೆ ಊಟ ಮುಗಿಸುವುದು ಸಾಧ್ಯವಿಲ್ಲ. ಒಬ್ಬರು ಬಡಿಸಿಕೊಳ್ಳುತ್ತಿರುವಾಗ ತಿರುಗಿಸಬಾರದು. ಮೇಜಿನ ಕಾನೂನು ಅಷ್ಟೇ.

ಹಲಗೆಯ ಮೇಲೆ ಏನಿರುತ್ತದೆ? ಕೋಳಿ ಒಂದು ಕಡೆ ಇರಲಿ. ಉಳಿದದ್ದನ್ನು ನೋಡಿದ ಕನ್ನಡಿಗರಿಗೆ ಒಂದು ವಿಚಿತ್ರ ಪರಿಚಯದ ಭಾವ ಬರುತ್ತದೆ. ಟೊಮೆಟೊ ಜೊತೆ ಬೇಯಿಸಿದ ಬೆಂಡೆಕಾಯಿ. ಸಾಸಿವೆ ಸೊಪ್ಪು. ‘ಬಟರ್ ಬೀನ್ಸ್’ ಎಂಬ ಹೆಸರಿನಲ್ಲಿ ನಮ್ಮ ಡಬಲ್ ಬೀನ್ಸ್. ಸಿಹಿಗೆಣಸು. ಅನ್ನ. ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ಡು. ಬೆಳಗಿನ ತಿಂಡಿಗೆ ಹೋದರೆ ‘ಗ್ರಿಟ್ಸ್’ ಎಂಬ ಮೆಕ್ಕೆಜೋಳದ ನುಚ್ಚು. ಮತ್ತೆ, ಅದೇ ಅಲಸಂದೆ. ಮುತ್ತಿಗೆಯಲ್ಲಿ ದನದ ಮೇವು ಎಂದು ಶಾಪ ಹಾಕಿಸಿಕೊಂಡ ಕಾಳು ಈಗ ಹೊಸ ವರ್ಷದ ದಿನ ಅದೃಷ್ಟಕ್ಕೆಂದು ಅಮೆರಿಕದ ಇಡೀ ದಕ್ಷಿಣ ತಿನ್ನುವ ಕಾಳು.

ಬೆಂಡೆಯೂ ಅಲಸಂದೆಯೂ ಆಫ್ರಿಕಾ ಮೂಲದವು. ಗುಲಾಮರ ಹಡಗುಗಳ ಜೊತೆ ಅಟ್ಲಾಂಟಿಕ್ ದಾಟಿ ಬಂದವು. ನಮಗೂ ಅವು ಬಂದದ್ದು ಆಫ್ರಿಕಾದಿಂದಲೇ, ಆದರೆ ಎಷ್ಟೋ ಶತಮಾನಗಳ ಹಿಂದೆ, ಬೇರೆ ಸಮುದ್ರ ದಾಟಿ. ಇದನ್ನು ನೆನಪಿಟ್ಟರೆ ದುಂಡುಮೇಜಿನ ಪರಿಚಯ ಕಾಕತಾಳೀಯವಲ್ಲ ಎಂದು ತಿಳಿಯುತ್ತದೆ. ದಕ್ಷಿಣದ ಅಡುಗೆ ಎಂದು ದೊಡ್ಡಮನೆಗಳವರು ತಮ್ಮ ಹೆಸರಿನಲ್ಲಿ ಪುಸ್ತಕ ಬರೆದದ್ದರ ಬಹುಭಾಗ ಅವರ ಅಡುಗೆಮನೆಯಲ್ಲಿ ನಿಂತ ಕರಿಯ ಹೆಂಗಸರ ಕೈಯದು.

ಸೊಪ್ಪಿನ ವಿಷಯದಲ್ಲಿ ಇದು ಇನ್ನಷ್ಟು ಸ್ಪಷ್ಟ. ಸೊಪ್ಪನ್ನು ಗಂಟೆಗಟ್ಟಲೆ ಬೇಯಿಸಿ ಬಸಿಯುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ಒಡೆಯರಿಗೆ ಸೊಪ್ಪು, ಬಸಿದ ಕಟ್ಟು ಅಡುಗೆಯವರ ಪಾಲಿಗೆ. ಸತ್ವವೆಲ್ಲ ಉಳಿದದ್ದು ಕಟ್ಟಿನಲ್ಲೇ. ‘ಪಾಟ್‌ಲಿಕರ್’ ಎಂಬ ಆ ಕಟ್ಟು ನಮ್ಮ ಬಸ್ಸಾರಿನ ದೂರದ ನೆಂಟನಂತಿದೆ. ಮುದ್ದೆಯ ಜಾಗದಲ್ಲಿ ಮೆಕ್ಕೆಜೋಳದ ಬ್ರೆಡ್ಡು. ಆ ಬ್ರೆಡ್ಡನ್ನು ಕಟ್ಟಿನಲ್ಲಿ ಅದ್ದಿ ತಿನ್ನಬೇಕೋ ಪುಡಿ ಮಾಡಿ ಹಾಕಿಕೊಳ್ಳಬೇಕೋ ಎಂಬ ಬಗ್ಗೆ 1931ರಲ್ಲಿ ಲೂಸಿಯಾನಾದ ರಾಜಕಾರಣಿ ಹ್ಯೂಯಿ ಲಾಂಗ್ ಮತ್ತು ಅಟ್ಲಾಂಟಾದ ಒಬ್ಬ ಪತ್ರಿಕಾ ಸಂಪಾದಕರ ನಡುವೆ ವಾರಗಟ್ಟಲೆ ಬಹಿರಂಗ ವಾಗ್ವಾದ ನಡೆಯಿತು. ಲಾಂಗ್ ಅದ್ದುವ ಪಕ್ಷ. ಆರ್ಥಿಕ ಮಹಾಕುಸಿತದ ನಟ್ಟನಡುವೆ ದೇಶ ಇದನ್ನು ಆಸಕ್ತಿಯಿಂದ ಓದಿತು.

ಸಸ್ಯಾಹಾರಿಗಳಿಗೆ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಅಲ್ಲಿಂದ ದಕ್ಷಿಣ ಸುತ್ತುವ ನಮ್ಮ ಹಿರಿಯರು ಈ ಮೇಜಿನ ಮುಂದೆ ಕೂತು, ಅಬ್ಬಾ ಎಷ್ಟೊಂದು ತರಕಾರಿ ಎಂದು ಹಿಗ್ಗುವುದು ಸಹಜ. ಆ ಸೊಪ್ಪಿನಲ್ಲಿ, ಆ ಕಾಳಿನಲ್ಲಿ, ಆ ಹುರುಳಿಕಾಯಿಯಲ್ಲಿ ರುಚಿಗೆಂದು ಹಂದಿಯ ಕಾಲೋ ಕೊಬ್ಬೋ ಬೆಂದಿರುವುದೇ ರೂಢಿ. ಅವರ ಲೆಕ್ಕದಲ್ಲಿ ಅದು ಮಾಂಸದ ಅಡುಗೆಯಲ್ಲ, ಒಗ್ಗರಣೆ. ‘ವೆಜಿಟೆಬಲ್’ ಎಂಬ ತಲೆಬರಹದ ಕೆಳಗೆ ಚೀಸ್ ಹಾಕಿದ ಮ್ಯಾಕರೋನಿಯೂ ಸಲೀಸಾಗಿ ಕೂತಿರುತ್ತದೆ. ‘ಇದರಲ್ಲಿ ಪೋರ್ಕ್ ಇದೆಯೇ’ ಎಂದು ಒಂದೊಂದಕ್ಕೂ ಬೇರೆಬೇರೆಯಾಗಿ ಕೇಳಿ, ಬೇಸರಿಸಿಕೊಳ್ಳದೆ ಹೇಳುತ್ತಾರೆ. ಕೋಸಂಬರಿಯಂಥ ಕೋಸಿನ ಸ್ಲಾ, ಗೆಣಸು, ಅನ್ನ, ಬಿಸ್ಕಿಟ್ ಎಂದು ಅವರು ಕರೆಯುವ ಬೆಣ್ಣೆಯ ಬನ್ನುಗಳಲ್ಲಿ ದಾರಿ ಹುಡುಕಬಹುದು. ಕರಿದ ಹಸಿ ಟೊಮೆಟೊ ಮತ್ತು ಕರಿದ ಬೆಂಡೆ ಸೊಗಸಾಗಿರುತ್ತವೆ. ಆದರೆ ಕೋಳಿ ಕರಿದ ಎಣ್ಣೆಯೇ ಅದಕ್ಕೂ ಇರಬಹುದೆಂಬುದು ಗೊತ್ತಿರಲಿ. ಚಹಾ ಕೇಳಿದರೆ ತಣ್ಣಗಿನ ಸಕ್ಕರೆ ಪಾನಕ ಬರುತ್ತದೆ, ಹಾಲಿಲ್ಲದೆ, ಐಸು ತುಂಬಿ. ಬಿಸಿ ಬೇಕೆಂದು ಬಿಡಿಸಿ ಹೇಳಬೇಕು.

ಒಂದೇ ಮೇಜಿಗೆ ಯಾರಾದರೂ ಬಂದು ಕೂರಬಹುದು ಎಂದೆ. ಇದು ಆ ನೆಲದಲ್ಲಿ ಸಣ್ಣ ಮಾತಲ್ಲ. ಅಡುಗೆ ಮಾಡಿದವರು ಅದೇ ಮೇಜಿಗೆ ಕೂರಲು ಕಾನೂನು ಬೇಕಾಯಿತು. ಪಂಕ್ತಿಭೇದ ಎಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಿಲ್ಲ. ಅಲ್ಲಿ ಅದು ಮೈಬಣ್ಣದ ಮೇಲಿತ್ತು, ಸರ್ಕಾರದ ಮೊಹರಿನೊಡನೆ ಇತ್ತು. ಮುತ್ತಿಗೆ ನಡೆದು ಸರಿಯಾಗಿ ನೂರು ವರ್ಷಕ್ಕೆ, 1963ರ ಮೇ 28ರಂದು, ಪಕ್ಕದ ಜಾಕ್ಸನ್‌ನ ವುಲ್‌ವರ್ತ್ ಅಂಗಡಿಯ ತಿಂಡಿ ಕೌಂಟರಿನಲ್ಲಿ ಟೂಗಲೂ ಕಾಲೇಜಿನ ಕರಿಯ ವಿದ್ಯಾರ್ಥಿಗಳು ಬಂದು ಕೂತರು. ತಿಂಡಿ ಕೊಡಲಿಲ್ಲ. ಸುತ್ತುಗಟ್ಟಿದ ಬಿಳಿಯರ ಗುಂಪು ಅವರ ತಲೆಯ ಮೇಲೆ ಸಕ್ಕರೆ, ಕೆಚಪ್, ಸಾಸಿವೆ ಸಾಸ್ ಸುರಿಯಿತು, ಹೊಡೆಯಿತು. ಸುಮಾರು ಮೂರು ಗಂಟೆ ಅವರು ಕದಲಲಿಲ್ಲ. ಜೊತೆಗೆ ಕೂತ ಪ್ರಾಧ್ಯಾಪಕ ಜಾನ್ ಸಾಲ್ಟರ್ ಮತ್ತು ವಿದ್ಯಾರ್ಥಿನಿ ಆ್ಯನ್ ಮೂಡಿ ಇರುವ ಆ ದಿನದ ಛಾಯಾಚಿತ್ರ ಅಮೆರಿಕದ ಶಾಲಾಪುಸ್ತಕಗಳಲ್ಲಿದೆ. ಮೂಡಿ ಆಮೇಲೆ ‘ಕಮಿಂಗ್ ಆಫ್ ಏಜ್ ಇನ್ ಮಿಸಿಸಿಪಿ’ ಎಂಬ ಆತ್ಮಕಥೆ ಬರೆದಳು. ಆ ಚಳವಳಿಯ ಹಿಂದಿದ್ದ ನಾಯಕ ಮೆಡ್ಗರ್ ಎವರ್ಸ್ ಎರಡೇ ವಾರಕ್ಕೆ, ಜೂನ್ 12ರಂದು, ತನ್ನ ಮನೆಯ ಅಂಗಳದಲ್ಲಿ ಗುಂಡೇಟಿಗೆ ಬಲಿಯಾದ. ಅವನ ಹೆಂಡತಿ ಮರ್ಲೀ ಎವರ್ಸ್ ಹುಟ್ಟಿದ್ದು ವಿಕ್ಸ್‌ಬರ್ಗ್‌ನಲ್ಲಿ. ಕೊಲೆಗಾರನಿಗೆ ಶಿಕ್ಷೆಯಾಗುವವರೆಗೆ ಆಕೆ ಮೂವತ್ತು ವರ್ಷ ಬಿಡದೆ ಹೋರಾಡಿದಳು. ಹೋಟೆಲುಗಳ ಬಾಗಿಲು ಎಲ್ಲರಿಗೂ ತೆರೆಯಬೇಕೆಂಬ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿದ್ದದ್ದು 1964ರ ಜುಲೈ 2ರಂದು.

ವಾಲ್‌ನಟ್ ಹಿಲ್ಸ್ ಶುರುವಾದದ್ದು ಅದಾಗಿ ಹದಿನಾರು ವರ್ಷಕ್ಕೆ. ಆ ಮೇಜು ನನಗೆ ಬರೀ ಹಳೆಯ ಕಾಲದ ಸೊಗಸಾಗಿ ಕಾಣದಿರುವುದು ಅದಕ್ಕೇ.

ಇನ್ನು, ಕೂರಲು ಮೇಜೇ ಬೇಡದ ಊಟ. ವಾಷಿಂಗ್ಟನ್ ಸ್ಟ್ರೀಟ್‌ನ ‘ಸಾಲೀಸ್ ಹಾಟ್ ತಮಾಲೀಸ್’ 1939ರಿಂದ ಇರುವ ಅಂಗಡಿ. ಕ್ಯೂಬಾ ಮೂಲದ ಹೆನ್ರಿ ಸಾಲಿ ತಳ್ಳುಗಾಡಿಯಲ್ಲಿ ಮಾರಾಟ ಶುರುಮಾಡಿದ. ತಮಾಲಿ ಮೂಲತಃ ಮೆಕ್ಸಿಕೋದ್ದು. ಮೆಕ್ಕೆಜೋಳದ ಹಿಟ್ಟಿನ ಒಳಗೆ ಖಾರದ ಮಾಂಸ ಇಟ್ಟು, ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ್ದು. ಮಿಸಿಸಿಪಿಗೆ ಅದು ಹೇಗೆ ಬಂತೆಂಬುದಕ್ಕೆ ಮೂರು ವಾದಗಳಿವೆ. 1840ರ ದಶಕದ ಮೆಕ್ಸಿಕೋ ಯುದ್ಧಕ್ಕೆ ಹೋಗಿಬಂದ ಸೈನಿಕರು ತಂದರು ಎನ್ನುವವರಿದ್ದಾರೆ. ಮೆಕ್ಕೆಜೋಳ ಬೆಳೆಯುತ್ತಿದ್ದ ಸ್ಥಳೀಯ ಬುಡಕಟ್ಟುಗಳಲ್ಲಿ ಮೊದಲೇ ಇತ್ತು ಎನ್ನುವವರೂ ಇದ್ದಾರೆ. ಹೆಚ್ಚು ಜನ ಒಪ್ಪುವುದು ಮೂರನೆಯದನ್ನು, ನನಗೂ ಅದೇ ಸರಿ ಎನಿಸುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹತ್ತಿ ಬಿಡಿಸಲು ಮೆಕ್ಸಿಕೋದ ಕೂಲಿಗಳು ಬಂದರು. ಅವರ ಬುತ್ತಿಯಲ್ಲಿ ಸಿಪ್ಪೆಯೊಳಗೆ ಬೆಚ್ಚಗೆ ಉಳಿಯುವ ಈ ತಿನಿಸನ್ನು ಪಕ್ಕದ ಸಾಲಿನ ಕರಿಯ ಕೂಲಿಗಳು ನೋಡಿದರು, ಕಲಿತರು, ತಮ್ಮದು ಮಾಡಿಕೊಂಡರು. ಮೆಕ್ಸಿಕೋದಲ್ಲಿ ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬಿದ ನುಣುಪು ಹಿಟ್ಟು, ಹಬೆಯ ಅಡುಗೆ. ಇಲ್ಲಿ ಮೆಕ್ಕೆಜೋಳದ ತರಿ ಹಿಟ್ಟು, ಮಸಾಲೆ ನೀರಿನಲ್ಲೇ ಕುದಿ. ಹಾಗಾಗಿ ಮಿಸಿಸಿಪಿಯ ತಮಾಲಿ ಚಿಕ್ಕದು, ಕೆಂಪಗೆ ಒದ್ದೆ, ಖಾರ ಜಾಸ್ತಿ. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1936ರಲ್ಲಿ ತಮಾಲಿ ಮಾರುವವಳ ಮೇಲೊಂದು ಹಾಡನ್ನೇ ಧ್ವನಿಮುದ್ರಿಸಿದ ಎಂದರೆ ಅದು ಎಷ್ಟು ನೆಲಕ್ಕಂಟಿತ್ತೆಂದು ಊಹಿಸಬಹುದು.

ಮಾರುವುದು ಡಜನ್ ಲೆಕ್ಕದಲ್ಲಿ, ದಾರ ಕಟ್ಟಿದ ಕಟ್ಟುಗಳಾಗಿ. ಜೊತೆಗೆ ಉಪ್ಪು ಬಿಸ್ಕತ್ತು. ಸಿಪ್ಪೆ ಬಿಚ್ಚಿ ಒಳಗಿನದನ್ನಷ್ಟೇ ತಿನ್ನಬೇಕು. ಇದನ್ನು ಹೇಳಬೇಕೇ ಎಂದು ನಗಬೇಡಿ. 1976ರ ಚುನಾವಣಾ ಪ್ರಚಾರದಲ್ಲಿ ಟೆಕ್ಸಸ್‌ಗೆ ಹೋಗಿದ್ದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಕ್ಯಾಮೆರಾಗಳ ಎದುರೇ ತಮಾಲಿಯನ್ನು ಸಿಪ್ಪೆ ಸಮೇತ ಕಚ್ಚಿದ್ದರು. ಆ ವರ್ಷ ಅವರು ಟೆಕ್ಸಸ್‌ನಲ್ಲಿ ಸೋತರು.

ನದಿಯೂರಿಗೆ ಬಂದು ಮೀನು ತಿನ್ನದೆ ಹೋಗುವುದು ಹೇಗೆ ಎನ್ನುವವರಿಗೆ ಎಲ್ಲ ಕಡೆ ಕ್ಯಾಟ್‌ಫಿಶ್ ಸಿಗುತ್ತದೆ. ಮೀಸೆಯ ಮೀನು, ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಗರಿಗರಿಯಾಗಿ ಕರಿದದ್ದು, ಪಕ್ಕಕ್ಕೆ ‘ಹಷ್‌ಪಪ್ಪಿ’ ಎಂಬ ಅದೇ ಹಿಟ್ಟಿನ ಬೋಂಡ. ರುಚಿಗೆ ಮೋಸವಿಲ್ಲ. ಆದರೆ ಈ ಮೀನು ನದಿಯದಲ್ಲ. 1960ರ ದಶಕದಿಂದ ಇಲ್ಲಿನ ಹತ್ತಿ ಹೊಲಗಳನ್ನು ಕೆರೆ ಮಾಡಿ, ಸೋಯಾ ಮತ್ತು ಮೆಕ್ಕೆಜೋಳದ ಉಂಡೆ ಹಾಕಿ ಸಾಕುತ್ತಿದ್ದಾರೆ. ಸಾಕಿದ ಕ್ಯಾಟ್‌ಫಿಶ್‌ನಲ್ಲಿ ಅಮೆರಿಕಕ್ಕೆಲ್ಲ ಮಿಸಿಸಿಪಿಯೇ ಮೊದಲು. ವಿಯೆಟ್ನಾಮಿನಿಂದ ಅಗ್ಗದ ಮೀನು ಬರತೊಡಗಿದಾಗ ಈ ಸಾಕಣೆದಾರರು ವಾಷಿಂಗ್ಟನ್ನಿನಲ್ಲಿ ಗದ್ದಲವೆಬ್ಬಿಸಿದರು. ಅಮೆರಿಕದ ಕುಲದ ಮೀನಿಗೆ ಮಾತ್ರ ಕ್ಯಾಟ್‌ಫಿಶ್ ಎಂಬ ಹೆಸರು ಸಲ್ಲಬೇಕೆಂದು 2002ರಲ್ಲಿ ಕಾನೂನೇ ಆಯಿತು. ನದಿ ಊರು ಬಿಟ್ಟುಹೋಯಿತು, ಮೀನು ನದಿ ಬಿಟ್ಟು ಹೊಲಕ್ಕೆ ಹೋಯಿತು. ಹೊಳೆ ನೋಡುತ್ತಾ ತಿನ್ನುವ ಸುಖಕ್ಕೆ ಅಡ್ಡಿಯಿಲ್ಲ.

ವಾಷಿಂಗ್ಟನ್ ಸ್ಟ್ರೀಟ್‌ನಲ್ಲೇ ಇನ್ನೊಂದು ಅಂಗಡಿ, ಈಗ ವಸ್ತುಸಂಗ್ರಹಾಲಯ. 1894ರ ಬೇಸಗೆಯಲ್ಲಿ ಜೋಸೆಫ್ ಬೀಡನ್‌ಹಾರ್ನ್ ಎಂಬ ಮಿಠಾಯಿ ವ್ಯಾಪಾರಿ ಇಲ್ಲಿ ಕೋಕಾ-ಕೋಲಾವನ್ನು ಮೊದಲ ಬಾರಿಗೆ ಬಾಟಲಿಗೆ ತುಂಬಿದ. ಅಲ್ಲಿಯವರೆಗೆ ಅದು ಪೇಟೆಯ ಸೋಡಾ ಅಂಗಡಿಯಲ್ಲಿ ಲೋಟಕ್ಕೆ ಬೆರೆಸಿ ಕೊಡುವ ಪಾನೀಯವಾಗಿತ್ತು. ಹತ್ತಿ ತೋಟಗಳ ಜನ ಅದಕ್ಕಾಗಿ ಪೇಟೆಗೆ ಬರಲಾರರು; ಪಾನೀಯವೇ ಅವರಲ್ಲಿಗೆ ಹೋಗಲಿ ಎಂಬುದು ಅವನ ವ್ಯಾಪಾರ ಬುದ್ಧಿ. ಒಂದು ಪೆಟ್ಟಿಗೆಯನ್ನು ಅಟ್ಲಾಂಟಾದ ಮಾಲೀಕ ಏಸಾ ಕ್ಯಾಂಡ್ಲರ್‌ಗೆ ಕಳಿಸಿದ. ಚೆನ್ನಾಗಿದೆ ಎಂದು ಉತ್ತರ ಬಂತು, ಅಷ್ಟೇ. ಬಾಟಲಿಯಲ್ಲಿ ಭವಿಷ್ಯವಿದೆ ಎಂದು ಕ್ಯಾಂಡ್ಲರ್‌ಗೆ ಹೊಳೆಯಲಿಲ್ಲ. ಐದು ವರ್ಷದ ಮೇಲೆ ಬಹುಪಾಲು ದೇಶದ ಬಾಟಲಿ ಹಕ್ಕನ್ನು ಚಟ್ಟನೂಗದ ಇಬ್ಬರು ವಕೀಲರಿಗೆ ಒಂದು ಡಾಲರಿಗೆ ಕೊಟ್ಟುಬಿಟ್ಟ. ನಮ್ಮ ಹಳ್ಳಿ ಸಂತೆಗಳ ಪೆಟ್ಟಿಗೆ ಅಂಗಡಿಯವರೆಗೂ ತಲುಪಿರುವ ಆ ಬಾಟಲಿಯ ಮೂಲಸ್ಥಾನದಲ್ಲಿ ಈಗ ಐಸ್‌ಕ್ರೀಮು ತೇಲಿಸಿದ ಕೋಕ್ ಕೊಡುತ್ತಾರೆ. ಒಂದು ಲೋಟ ಸಾಕು.

ಹೊಗೆಯಲ್ಲಿ ಬೆಂದ ಮಾಂಸ ಬೇಕಾದವರಿಗೆ ಗೋಲ್ಡೀಸ್ ಎಂಬ ಹೋಟೆಲಿದೆ. ನದಿಯಂಚಿನ ಕ್ಯಾಸಿನೊಗಳಲ್ಲಿ ತಿಂದಷ್ಟೂ ಬಡಿಸುವ ಬಫೆಗಳಿವೆ. ಅವು ಯಾವ ಊರಿನಲ್ಲಿದ್ದರೂ ಒಂದೇ, ಅವುಗಳಿಗಾಗಿ ವಿಕ್ಸ್‌ಬರ್ಗ್‌ವರೆಗೆ ಹೋಗಬೇಕಿಲ್ಲ.

ಹುಡುಕಿಕೊಂಡು ಹೋಗಬೇಕಾದದ್ದು ಲೆಬನಾನಿನ ಅಡುಗೆಗೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲೆಬನಾನ್, ಸಿರಿಯಾದ ಕಡೆಯಿಂದ ಬಂದವರು ಬೆನ್ನಿಗೆ ಗಂಟು ಹೊತ್ತು, ತೋಟದಿಂದ ತೋಟಕ್ಕೆ ಸೂಜಿ ದಾರ ಬಟ್ಟೆ ಮಾರಿ, ಕೊನೆಗೆ ಈ ನದಿಯೂರುಗಳಲ್ಲಿ ಕಿರಾಣಿ ಅಂಗಡಿ ಹಾಕಿದರು. ಒಡೆದ ಗೋಧಿ ಮತ್ತು ಮಾಂಸ ಕುಟ್ಟಿ ಮಾಡುವ ಕಿಬ್ಬೆ ಅವರಿಂದಾಗಿ ಮಿಸಿಸಿಪಿಯ ಊರೂಟವಾಗಿದೆ. ವಿಕ್ಸ್‌ಬರ್ಗ್‌ನ ಸೇಂಟ್ ಜಾರ್ಜ್ ಆರ್ಥೊಡಾಕ್ಸ್ ಚರ್ಚು ವರ್ಷಕ್ಕೊಮ್ಮೆ ನಡೆಸುವ ಲೆಬನೀಸ್ ಊಟಕ್ಕೆ ಇಡೀ ಊರು ಸಾಲು ನಿಲ್ಲುತ್ತದೆ. ಕಿಬ್ಬೆ, ಕೋಸಿನ ಎಲೆಯ ಸುರುಳಿ. ಚರ್ಚಿನ ಹೆಂಗಸರು ದಿನಗಟ್ಟಲೆ ಮೊದಲೇ ಕೂತು ಸುತ್ತುತ್ತಾರೆ. ಇತ್ತೀಚಿನ ದಶಕಗಳಲ್ಲಿ ಆ ಸೀಮೆಯ ಹೆದ್ದಾರಿ ಮೋಟೆಲುಗಳನ್ನು ನಡೆಸಲು ಬಂದ ಗುಜರಾತಿಗಳದು ಅದೇ ಕತೆಯ ಮುಂದಿನ ಅಧ್ಯಾಯ. ಮೀರಾ ನಾಯರ್ ಅವರ ‘ಮಿಸಿಸಿಪ್ಪಿ ಮಸಾಲಾ’ ಸಿನಿಮಾದ ಗ್ರೀನ್‌ವುಡ್ ಊರು ಯಾಜೂ ನದಿಯ ಮೇಲ್ದಂಡೆಯಲ್ಲೇ ಇದೆ. ಗುಜರಾತಿಗಳ ಅಡುಗೆ ಇನ್ನೂ ದುಂಡುಮೇಜಿಗೆ ಬಂದಿಲ್ಲ. ಲೆಬನೀಸರಿಗೂ ಮೂರು ತಲೆಮಾರು ಹಿಡಿಯಿತು.

ಊರಿನ ಹೆಸರನ್ನೇ ಹೊತ್ತ ತಿನಿಸೊಂದಿದೆ, ವಿಕ್ಸ್‌ಬರ್ಗ್ ಟೊಮೆಟೊ ಸ್ಯಾಂಡ್‌ವಿಚ್. ಮೃದು ಬಿಳಿ ಬ್ರೆಡ್ಡನ್ನು ಅಚ್ಚಿನಿಂದ ಪುಟ್ಟ ಬಿಲ್ಲೆಗಳಾಗಿ ಕತ್ತರಿಸಿ, ತುರಿದ ಈರುಳ್ಳಿ ಬೆರೆಸಿದ ಮೇಯನೇಸ್ ಸವರಿ, ನೀರಿಳಿಸಿದ ಟೊಮೆಟೊ ಬಿಲ್ಲೆ ಇಟ್ಟು ಮುಚ್ಚುವುದು. ಮೇಯನೇಸ್‌ನಲ್ಲಿ ಮೊಟ್ಟೆ ಇರುತ್ತದೆ. ಅದೊಂದನ್ನು ಬಿಟ್ಟರೆ ಹಂದಿಯ ಕಾಲು ತಾಕದ ದಕ್ಷಿಣದ ತಿನಿಸುಗಳಲ್ಲಿ ಇದೂ ಒಂದು. ಬೇಸಗೆಯ ಟೊಮೆಟೊ ಬಂದಾಗಲೇ ಇದರ ಸೊಗಸು. ಇದರ ನಿಜವಾದ ಜಾಗ ಹೋಟೆಲಲ್ಲ, ಮದುವೆ ಮನೆ, ಟೀ ಪಾರ್ಟಿ, ಚರ್ಚಿನ ಕೂಟ. ಮಾಡಿ ಇಟ್ಟರೆ ಬ್ರೆಡ್ಡು ನೆನೆದು ಮುದ್ದೆಯಾಗುತ್ತದೆ, ಆದ್ದರಿಂದ ಅತಿಥಿಗಳು ಬಂದು ಕೂತ ಮೇಲೆಯೇ ಜೋಡಿಸಬೇಕು. ಊರಿನವರ ಪರಿಚಯವಿಲ್ಲದವರು ಹೆದ್ದಾರಿ 61ರಲ್ಲಿ ದಕ್ಷಿಣಕ್ಕೆ ಹೋಗಬಹುದು. ಅಲ್ಲಿ ‘ಟೊಮೆಟೊ ಪ್ಲೇಸ್’ ಎಂಬ ರಸ್ತೆಬದಿಯ ತರಕಾರಿ ಮಳಿಗೆಯಿದೆ. ಟೊಮೆಟೊ ಸ್ಯಾಂಡ್‌ವಿಚ್ ಅಲ್ಲಿಯೂ ಸಿಗುತ್ತದೆ. ಆದರೆ ಅದರೊಳಗೆ ಬೇಕನ್ ಎಂಬ ಹಂದಿ ಮಾಂಸ ಇಟ್ಟಿರುತ್ತಾರೆ. ಬೇಡವೆಂದರೆ ತೆಗೆದುಕೊಡುತ್ತಾರೆ.